ಬಾಳೆಪಟ್ಟೆಯಿಂದ ಕಾಗದ

ಗೊನೆ ಕಡಿದ ಮೇಲೆ ನಮ್ಮಲ್ಲಿ ದಿಂಡು ಪಲ್ಯಕ್ಕೆ, ಉಳಿದದ್ದೆಲ್ಲ ಅಡಿಕೆಮರದ ಬುಡಕ್ಕೆ. ಅದರಲ್ಲಿ ಹೊರಗಿನ ನಾಲ್ಕೈದು ಪಟ್ಟೆಗಳನ್ನು ನಾನು ಕಾಗದಕ್ಕೆಂದು ಎತ್ತಿಡುತ್ತೇನೆ. ಹೂ ಕಟ್ಟುವ ನಾರು ಇರುವುದು ಅಲ್ಲೇ. ಬಾಳೆಯದೇ ಕುಲದ ಅಬಾಕಾ ಎಂಬ ಗಿಡ ಫಿಲಿಪ್ಪೀನ್ಸ್‌ನಲ್ಲಿ ಬೆಳೆಯುತ್ತದೆ. ಟೀ ಬ್ಯಾಗಿನ ಕಾಗದಕ್ಕೆ ಅದರ ನಾರು ಹೋಗುತ್ತದೆ. ಕುದಿಯುವ ನೀರಿಗೂ ಜಗ್ಗದ ನಾರು!

ಪಟ್ಟೆಯನ್ನು ಒಂದಿಂಚಿನ ತುಂಡು ಮಾಡಿ ಬಿಸಿಲಿಗೆ ಗರಿಗರಿ ಒಣಗಿಸಿ. ಹಳೇ ಬಟ್ಟೆ ಹಾಕಿಕೊಳ್ಳಿ, ಬಾಳೆ ಕಲೆ ಹೋಗುವುದಿಲ್ಲ. ಒಣಗಿದ 250 ಗ್ರಾಂ ತುಂಡನ್ನು ರಾತ್ರಿ ನೆನೆಹಾಕಿ, ಬೆಳಿಗ್ಗೆ 5 ಲೀಟರ್ ನೀರು, 50 ಗ್ರಾಂ ವಾಷಿಂಗ್ ಸೋಡಾ ಹಾಕಿ ಮೂರು ತಾಸು ಬೇಯಿಸಿ. ಸ್ಟೀಲ್ ಪಾತ್ರೆಯೇ ಆಗಬೇಕು, ಅಲ್ಯೂಮಿನಿಯಮ್ಮನ್ನು ಸೋಡಾ ತಿನ್ನುತ್ತದೆ. ನಾನು ಬಚ್ಚಲೊಲೆಯ ಮೇಲಿಡುತ್ತೇನೆ. ಒಂದು ತುಂಡನ್ನು ಹಿಸುಕಿದರೆ ಎಳೆ ಎಳೆಯಾಗಿ ಬಿಡಬೇಕು. ಕೈಗವಸು ಮರೆಯಬೇಡಿ.

ಆಮೇಲೆ ತೆಳುಬಟ್ಟೆಯಲ್ಲಿ ಹಾಕಿ ತೊಳೆಯಿರಿ. ಕಂದು ನೀರು ತಿಳಿಯಾದರೆ ಸಾಲದು, ಬೆರಳಿಗೆ ಜಾರುವ ಗುಣ ಪೂರ್ತಿ ಹೋಗಬೇಕು. ಅವಸರದಲ್ಲಿ ತೊಳೆದ ನನ್ನ ಮೊದಲ ಹಾಳೆಗಳು ಒಂದು ಮಳೆಗಾಲ ಕಳೆಯುವುದರೊಳಗೆ ಕಂದಿಹೋದವು.

ಇನ್ನು ಬಡಿಯುವುದು. ಎಲ್ಲರೂ ಮಿಕ್ಸಿಗೆ ಹಾಕುವುದು ಇಲ್ಲೇ, ಕಾಗದ ಕೆಡುವುದೂ ಇಲ್ಲೇ. ಮಿಕ್ಸಿ ನಾರನ್ನು ಕತ್ತರಿಸುತ್ತದೆ. ಮರದ ಕೊಡತಿಯಲ್ಲಿ ಬಡಿದರೆ ನಾರು ಉದ್ದವಾಗಿಯೇ ಉಳಿದು, ಜಜ್ಜಿ, ಮೈತುಂಬ ಸಣ್ಣ ಎಳೆ ಏಳುತ್ತದೆ. ಒಣಗುವಾಗ ಒಂದನ್ನೊಂದು ಹಿಡಿದುಕೊಳ್ಳುವುದು ಆ ಎಳೆಗಳೇ, ಅಂಟು ಬೇಡವೇ ಬೇಡ. ಬಟ್ಟೆ ಒಗೆಯುವ ಕಲ್ಲಿನ ಮೇಲೆ, ಮಗುಚಿ ಮಗುಚಿ, ಮುಕ್ಕಾಲು ತಾಸು. ಒಂದು ಚಿಟಿಕೆಯನ್ನು ಗಾಜಿನ ಬಾಟಲಿಯ ನೀರಿಗೆ ಹಾಕಿ ಅಲ್ಲಾಡಿಸಿ, ಕಿಟಕಿಯ ಬೆಳಕಿಗೆ ಹಿಡಿಯಿರಿ. ಮಂಜಿನ ಹಾಗೆ ಸಮನಾಗಿ ಹರಡಿದ್ದರೆ ಸಾಕು. ಗಂಟು ತೇಲುತ್ತಿದ್ದರೆ ಮತ್ತೆ ಕಲ್ಲಿಗೆ.

ಎ4 ಅಳತೆಯ ಎರಡು ಮರದ ಚೌಕಟ್ಟು ಬೇಕು. ಒಂದಕ್ಕೆ ಕಿಟಕಿಗೆ ಹಾಕುವ ಸೊಳ್ಳೆಜಾಲರಿಯನ್ನು ಬಿಗಿಯಾಗಿ ಹೊಡೆದು, ಖಾಲಿಯದನ್ನು ಅದರ ಮೇಲಿಡಿ. ಚೌಕಟ್ಟು ಸಲೀಸಾಗಿ ಮುಳುಗುವಂಥ ಟಬ್ಬಿನ ನೀರಿಗೆ ನಾರು ಕದಡಿ, ಬೆಂಡೆಕಾಯಿ ನೆನೆಸಿ ಹಿಂಡಿ ಸೋಸಿದ ಲೋಳೆಯನ್ನು ಎರಡು ಲೋಟ ಬೆರೆಸಿ. ನೀರು ನಿಧಾನ ಇಳಿಯುತ್ತದೆ, ನಾರು ಗುಂಪುಗಟ್ಟುವುದಿಲ್ಲ. ಚೌಕಟ್ಟನ್ನು ಓರೆಯಾಗಿ ಇಳಿಸಿ, ಮಟ್ಟಸವಾಗಿ ಎತ್ತಿ, ನೀರು ಬಸಿಯುವ ಮೊದಲೇ ಎಡಬಲ, ಹಿಂದೆಮುಂದೆ ಒಮ್ಮೊಮ್ಮೆ ಕುಲುಕಿ. ಆಮೇಲೆ ಅಲುಗಿಸಬಾರದು. ಮುಂಗೈಯಿಂದ ಒಂದು ಹನಿ ಬಿದ್ದರೂ ಹಾಳೆಯಲ್ಲಿ ತೆಳ್ಳನೆಯ ಬೊಟ್ಟು ಉಳಿದುಬಿಡುತ್ತದೆ.

ಮೇಲಿನ ಚೌಕಟ್ಟು ತೆಗೆದು, ಒದ್ದೆ ಪಂಚೆಯ ತುಂಡಿನ ಮೇಲೆ ಕವುಚಿ ಒತ್ತಿ ಎತ್ತಿ. ಹಾಳೆ ಬಟ್ಟೆಗೆ ಇಳಿಯುತ್ತದೆ. ಒಂದರ ಮೇಲೊಂದು ಪೇರಿಸಿ, ಎರಡು ಹಲಗೆಯ ನಡುವೆ ಇಟ್ಟು, ರಾತ್ರಿಯಿಡೀ ರುಬ್ಬುಗುಂಡು ಹೇರಿ. ಬೆಳಿಗ್ಗೆ ಬಟ್ಟೆಸಮೇತ ನೆರಳಿನಲ್ಲಿ ಒಣಹಾಕಿ. ಬಿಸಿಲಿಗಿಟ್ಟರೆ ಮುರುಟುತ್ತದೆ. ಹತ್ತು ಹನ್ನೆರಡು ಹಾಳೆ ಸಿಗುತ್ತವೆ. ಶಾಯಿಯಲ್ಲಿ ಬರೆಯುವುದಿದ್ದರೆ ಗಂಜಿತಿಳಿಯನ್ನು ತೆಳ್ಳಗೆ ಎರಡೂ ಕಡೆ ಸವರಿ, ಒಣಗಿದ ಮೇಲೆ ಲೋಟದ ಬೆನ್ನಿನಿಂದ ಉಜ್ಜಿ.