ಮನೆ ಸ್ಮಾರ್ಟ್ ಆಗುವ ಮುನ್ನ ರೂಟರ್ ಗಟ್ಟಿಯಾಗಲಿ

ಸ್ಮಾರ್ಟ್ ಬಲ್ಬ್ ಕೈಕೊಟ್ಟರೆ ಎಲ್ಲರೂ ದೂರುವುದು ಬಲ್ಬನ್ನೇ. ಗೀಸರ್‌ನ ಪ್ಲಗ್ ಮೊಬೈಲ್‌ಗೆ ಸಿಗದಿದ್ದರೆ ಪ್ಲಗ್ ಬದಲಾಗುತ್ತದೆ, ಗೇಟಿನ ಕ್ಯಾಮೆರಾ ‘ಆಫ್‌ಲೈನ್’ ಎಂದರೆ ಕ್ಯಾಮೆರಾ ಕಂಪನಿಗೆ ಫೋನ್ ಹೋಗುತ್ತದೆ. ಎಷ್ಟೋ ಸಲ ತಪ್ಪು ಟಿ.ವಿ. ಹಿಂದೆ ಕೂತಿರುವ ರೂಟರ್‌ನದು. ಬ್ರಾಡ್‌ಬ್ಯಾಂಡ್ ಸಂಪರ್ಕದ ಜೊತೆ ಬಿಟ್ಟಿಯಾಗಿ ಬಂದ ಆ ಪೆಟ್ಟಿಗೆ ನಾಲ್ಕು ಮೊಬೈಲ್ ಮತ್ತು ಒಂದು ಟಿ.ವಿ.ಯನ್ನು ನಿಭಾಯಿಸುತ್ತದೆ. ಅದರ ಮೇಲೆ ಇಪ್ಪತ್ತೈದು ಸಾಧನಗಳ ಹೊರೆ ಬಿದ್ದಾಗ ಒಂದೊಂದಾಗಿ ಕೈಬಿಡಲು ಶುರುಮಾಡುತ್ತದೆ.

ಮೊದಲು ಲೆಕ್ಕ

ಕಾಗದ ಹಿಡಿದು ಮನೆಯನ್ನೊಮ್ಮೆ ಸುತ್ತಿ ಬನ್ನಿ. 30x40 ಸೈಟಿನ ಎರಡು ಅಂತಸ್ತಿನ ಮನೆ ಎಂದುಕೊಳ್ಳೋಣ. ಎಂಟು ಬಲ್ಬ್, ಐದು ಪ್ಲಗ್, ಎರಡು ಕ್ಯಾಮೆರಾ, ಒಂದು ಕಾಲಿಂಗ್ ಬೆಲ್, ಎರಡು ಎ.ಸಿ., ಒಂದು ಸ್ಮಾರ್ಟ್ ಸ್ಪೀಕರ್, ತಾರಸಿಯ ಟ್ಯಾಂಕಿನಲ್ಲಿ ನೀರಿನ ಮಟ್ಟ ಹೇಳುವ ಸೆನ್ಸರ್, ಸಂಪ್ ಮೋಟರಿಗೆ ಒಂದು ಸ್ವಿಚ್. ಮನೆಯವರ ಮೊಬೈಲ್, ಲ್ಯಾಪ್‌ಟಾಪ್ ಸೇರಿದರೆ ಮೂವತ್ತು ದಾಟಿತು. ಇದರ ಮೇಲೆ ಅರ್ಧದಷ್ಟು ಸೇರಿಸಿಕೊಳ್ಳಿ. ಸ್ಮಾರ್ಟ್ ಸಾಧನಗಳು ಒಂದರ ಬೆನ್ನಿಗೆ ಒಂದು ಬರುತ್ತಲೇ ಇರುತ್ತವೆ.

ಇವುಗಳಲ್ಲಿ ಬಲ್ಬ್, ಪ್ಲಗ್, ಸೆನ್ಸರ್‌ಗಳು ಬಳಸುವ ಡೇಟಾ ತೀರಾ ಕಡಿಮೆ. ಕ್ಲೌಡ್‌ಗೆ ಸದಾ ವಿಡಿಯೊ ಕಳಿಸುವ ಕ್ಯಾಮೆರಾಕ್ಕೂ ಸುಮಾರು 2 ಎಂಬಿಪಿಎಸ್ ಅಪ್‌ಲೋಡ್ ಇದ್ದರೆ ನಡೆಯುತ್ತದೆ. ಹೀಗಾಗಿ ಇಂಟರ್ನೆಟ್ ಪ್ಲಾನ್ ದುಬಾರಿ ಮಾಡಿಕೊಂಡರೆ ಈ ತೊಂದರೆ ನೀಗುವುದಿಲ್ಲ. ಹಗಲೂ ರಾತ್ರಿ ನಲವತ್ತೈದರಷ್ಟು ಸಂಪರ್ಕಗಳನ್ನು ಬಿಡದೆ ಹಿಡಿದಿಡುವ ಶಕ್ತಿ ರೂಟರ್‌ಗೆ ಬೇಕು.

ಪೆಟ್ಟಿಗೆಯ ಮೇಲಿನ ಅಂಕಿ ಬಿಡಿಸಿ ಓದಿ

ವೈಫೈ ಮನೆಯೊಳಗೆ ಮುಖ್ಯವಾಗಿ ಎರಡು ಬ್ಯಾಂಡ್‌ಗಳಲ್ಲಿ, ಅಂದರೆ ರೇಡಿಯೊ ತರಂಗಗಳ ಎರಡು ದಾರಿಗಳಲ್ಲಿ ಹರಿಯುತ್ತದೆ. 5 ಗಿಗಾಹರ್ಟ್ಸ್ ವೇಗದ್ದು, ಆದರೆ ಎರಡು ಗೋಡೆ ದಾಟುವಷ್ಟರಲ್ಲಿ ಸೊರಗುತ್ತದೆ. 2.4 ಗಿಗಾಹರ್ಟ್ಸ್ ನಿಧಾನದ್ದು, ಆದರೆ ಗೋಡೆ ದಾಟುವುದರಲ್ಲಿ ಅದರದೇ ಮೇಲುಗೈ. ಬಹುತೇಕ ಸ್ಮಾರ್ಟ್ ಬಲ್ಬ್, ಪ್ಲಗ್, ಸೆನ್ಸರ್‌ಗಳಿಗೆ ಗೊತ್ತಿರುವುದು 2.4 ಮಾತ್ರ. ಅಂಗಡಿಯಲ್ಲಿ ಯಾರೂ ಬಿಡಿಸಿ ಹೇಳದ ಸಂಗತಿ ಇದು.

ಈಗ ಅಂಕಿ ನೋಡಿ. ರೂಟರ್ ಪೆಟ್ಟಿಗೆಯ ಮೇಲಿನ ‘ಎಸಿ 1200’ (AC1200) ಎಂದರೆ 1200 ಎಂಬಿಪಿಎಸ್ ವೇಗವಲ್ಲ. 2.4 ಬ್ಯಾಂಡ್‌ನ 300, 5 ಬ್ಯಾಂಡ್‌ನ 867 ಎರಡನ್ನೂ ಕೂಡಿ ದುಂಡಾಗಿಸಿದ ಮೊತ್ತ ಅದು; ಅದೂ ಕಾಗದದ ಮೇಲಿನ ಲೆಕ್ಕ. ‘ಎಸಿ’ ಸೂಚಿಸುವ ವೈಫೈ 5 ಎಂಬ ತಂತ್ರಜ್ಞಾನ 5 ಗಿಗಾಹರ್ಟ್ಸ್‌ಗಷ್ಟೇ ಸೀಮಿತ. ಆ ರೂಟರ್‌ನ 2.4 ಭಾಗ 2009ರಲ್ಲಿ ರೂಪುಗೊಂಡ ವೈಫೈ 4ರಲ್ಲೇ ನಡೆಯುತ್ತಿರುತ್ತದೆ. ‘ವೈಫೈ 6’ ಎಂದು ಬರೆದಿದ್ದರೂ ಅಲ್ಲಿಗೇ ನಿಲ್ಲಬೇಡಿ. ವೈಫೈ 6ರ ಗುರುತು ‘ಎಎಕ್ಸ್’ (AX). ಎಎಕ್ಸ್ 1500 ಎಂದರೆ 300 ಮತ್ತು 1201, ಇಲ್ಲೂ 2.4 ಭಾಗ ಹಳೆಯದೇ. ಎಎಕ್ಸ್ 1800 ಅಥವಾ ಎಎಕ್ಸ್ 3000 ಆದರೆ 2.4ರ ಪಾಲಿಗೆ 574 ಬರುತ್ತದೆ, ಅಂದರೆ ಎರಡೂ ಬ್ಯಾಂಡ್‌ಗಳಲ್ಲಿ ವೈಫೈ 6 ಇದೆ. ಪೆಟ್ಟಿಗೆ ತಿರುಗಿಸಿ ಆ 574 ಇದೆಯೇ ಎಂದು ಹುಡುಕಿ. ಹಳೆಯ ಬಲ್ಬ್ ಇದರಿಂದ ವೇಗ ಪಡೆಯುವುದಿಲ್ಲ, ನಿಜ. ಆದರೆ ವೈಫೈ 6 ಇರುವ ಹೊಸ ಸಾಧನಗಳು ತಮ್ಮ ಕೆಲಸ ಬೇಗ ಮುಗಿಸಿ ಉಳಿದವಕ್ಕೆ ದಾರಿ ಬಿಡುತ್ತವೆ. ಆಂಟೆನಾ ನಾಲ್ಕಿದೆಯೋ ಆರಿದೆಯೋ ಎಂದು ಎಣಿಸುತ್ತ ಕೂರಬೇಕಿಲ್ಲ.

ಕೊಳ್ಳುವ ಮುನ್ನ ಕೇಳಬೇಕಾದದ್ದು

ಎಷ್ಟು ಸಾಧನ ತಡೆಯುತ್ತದೆ? ಕೆಲವು ಅಗ್ಗದ ರೂಟರ್‌ಗಳಲ್ಲಿ ಒಂದು ಬ್ಯಾಂಡ್‌ನ ಮಿತಿ 32ರ ಆಸುಪಾಸು. ನಿಮ್ಮ ಪಟ್ಟಿಗೆ ಹೋಲಿಸಿ ನೋಡಿ. ಕೇಬಲ್ ಚುಚ್ಚುವ ಪೋರ್ಟ್‌ಗಳು ಗಿಗಾಬಿಟ್‌ನವಾಗಿರಲಿ (1000 ಎಂಬಿಪಿಎಸ್), ಪೋರ್ಟ್ 100 ಎಂಬಿಪಿಎಸ್‌ನದಾದರೆ 200ರ ಪ್ಲಾನಿಗೆ ಕೊಡುವ ಹಣದಲ್ಲಿ ಅರ್ಧ ವ್ಯರ್ಥ.

2.4 ಬ್ಯಾಂಡ್‌ಗೆ ಬೇರೆ ಹೆಸರು ಕೊಡಲು ಬರುತ್ತದೆಯೇ ಎಂಬುದು ಮುಂದಿನ ಪ್ರಶ್ನೆ. ಎರಡೂ ಬ್ಯಾಂಡ್‌ಗೆ ಒಂದೇ ಹೆಸರಿದ್ದಾಗ ಮೊಬೈಲ್ 5ಕ್ಕೆ ಅಂಟಿಕೊಂಡಿರುತ್ತದೆ, ಬಲ್ಬ್ 2.4ರಲ್ಲಿ ಹುಡುಕುತ್ತಿರುತ್ತದೆ; ಕೆಲವು ಆ್ಯಪ್‌ಗಳಲ್ಲಿ ಜೋಡಣೆ ಕೆಡುವುದೇ ಇಲ್ಲಿ.

ಸುರಕ್ಷತೆಯ ವಿಷಯದಲ್ಲಿ ರಾಜಿ ಬೇಡ. 2016ರ ಅಕ್ಟೋಬರ್‌ನಲ್ಲಿ ‘ಮಿರಾಯ್’ ಎಂಬ ಕುತಂತ್ರಾಂಶವು ಕಾರ್ಖಾನೆಯ ಪಾಸ್‌ವರ್ಡ್ ಬದಲಿಸದ ಕ್ಯಾಮೆರಾ, ರೂಟರ್‌ಗಳನ್ನು ವಶಪಡಿಸಿಕೊಂಡು ಜಾಲತಾಣಗಳ ವಿಳಾಸ ಹುಡುಕಿಕೊಡುವ ಅಮೆರಿಕದ ಡೈನ್ ಕಂಪನಿಯ ಮೇಲೆ ದಾಳಿ ಮಾಡಿತು. ಟ್ವಿಟರ್, ನೆಟ್‌ಫ್ಲಿಕ್ಸ್‌ನಂಥ ತಾಣಗಳು ಗಂಟೆಗಟ್ಟಲೆ ಅನೇಕರಿಗೆ ಸಿಗಲಿಲ್ಲ. ಮನೆಮನೆಯ ಸಾಮಾನ್ಯ ಸಾಧನಗಳೇ ಅಲ್ಲಿ ಆಯುಧವಾಗಿದ್ದವು. ಆದ್ದರಿಂದ ತಾನಾಗಿಯೇ ಅಪ್‌ಡೇಟ್ ಆಗುವ, ಇನ್ನೂ ಕೆಲವು ವರ್ಷ ಅಪ್‌ಡೇಟ್ ಸಿಗುವ ಮಾದರಿಯನ್ನೇ ಕೊಳ್ಳಿ. ಅತಿಥಿಗಳಿಗೆಂದಿರುವ ಗೆಸ್ಟ್ ಅಥವಾ ಸ್ಮಾರ್ಟ್ ಸಾಧನಗಳಿಗೆಂದಿರುವ ಐಒಟಿ ಜಾಲ ಪ್ರತ್ಯೇಕವಾಗಿರಲಿ. ಬಲ್ಬು, ಕ್ಯಾಮೆರಾಗಳನ್ನು ಅಲ್ಲಿ ಕೂರಿಸಿದರೆ ಬ್ಯಾಂಕ್ ವ್ಯವಹಾರ ನಡೆಸುವ ಲ್ಯಾಪ್‌ಟಾಪ್ ಅವುಗಳಿಂದ ದೂರ ಉಳಿಯುತ್ತದೆ. ವೈಫೈಗೆ ಬೀಗ ಹಾಕುವ ಡಬ್ಲ್ಯುಪಿಎ2 ಮತ್ತು ಅದರ ಹೊಸ ರೂಪ ಡಬ್ಲ್ಯುಪಿಎ3 ಎರಡೂ ಒಟ್ಟಿಗೆ ನಡೆಯುವ ಆಯ್ಕೆಯೂ ಬೇಕು. ಬರೀ 3ನ್ನು ಇಟ್ಟರೆ ಹಳೆಯ ಸಾಧನಗಳು ಒಳಗೇ ಬರುವುದಿಲ್ಲ.

ಗೋಡೆ, ತಾರಸಿ, ಟ್ಯಾಂಕ್

ಕಬ್ಬಿಣದ ಸರಳು ತುಂಬಿದ ಆರ್‌ಸಿಸಿ ತಾರಸಿ ಸಿಗ್ನಲ್‌ಗೆ ದೊಡ್ಡ ಶತ್ರು. ಕರಾವಳಿಯ ದಪ್ಪ ಕೆಂಪುಕಲ್ಲಿನ ಗೋಡೆಗಳೂ ಕಡಿಮೆಯೇನಲ್ಲ. ಕಬ್ಬಿಣದ ಬೀರುವಿನ ಪಕ್ಕ, ಟಿ.ವಿ. ಹಿಂದೆ ರೂಟರ್ ಇಟ್ಟರೆ ಎಂಥ ದುಬಾರಿಯದೂ ಸೋಲುತ್ತದೆ. ಮನೆಯ ನಡುವೆ, ಆಳೆತ್ತರದಲ್ಲಿ, ತೆರೆದ ಜಾಗದಲ್ಲಿ ಇಡಿ.

ಬಳಿಕ ವೈಫೈ ಅಳೆಯುವ ಒಂದು ಆ್ಯಪ್ ಹಾಕಿಕೊಂಡು, ಮೊಬೈಲನ್ನು 2.4 ಜಾಲಕ್ಕೆ ಸೇರಿಸಿ, ಟ್ಯಾಂಕಿನ ಬುಡದಲ್ಲಿ ನಿಂತು ನೋಡಿ. ಸಿಗ್ನಲ್ ಬಲವನ್ನು ಡಿಬಿಎಂನಲ್ಲಿ ಅಳೆಯುತ್ತಾರೆ, ಸೊನ್ನೆಗೆ ಹತ್ತಿರವಾದಷ್ಟೂ ಒಳ್ಳೆಯದು. ಮೈನಸ್ 67 ಡಿಬಿಎಂ ಅಥವಾ ಅದಕ್ಕಿಂತ ಉತ್ತಮವಾಗಿದ್ದರೆ ನಿಶ್ಚಿಂತೆ. ಮೈನಸ್ 75ಕ್ಕಿಂತ ಕೆಳಗಿಳಿದರೆ ಸೆನ್ಸರ್ ಇಂದಲ್ಲ ನಾಳೆ ತಪ್ಪಿಹೋಗುತ್ತದೆ. ಆಗ ಒಂದೇ ಬಲಿಷ್ಠ ರೂಟರ್‌ಗಿಂತ ಒಂದೇ ಜಾಲವಾಗಿ ಕೆಲಸ ಮಾಡುವ ಎರಡು ಘಟಕಗಳ ‘ಮೆಶ್’ ಮೇಲು. ಒಂದು ಕೆಳಗೆ, ಇನ್ನೊಂದು ಮೆಟ್ಟಿಲಿನ ತಲೆಯ ಬಳಿ. ಇವೆರಡರ ನಡುವೆ ಕೇಬಲ್ ಎಳೆಯಲು ದಾರಿಯಿದ್ದರೆ ಖಂಡಿತ ಎಳೆಸಿ. ಮನೆ ಕಟ್ಟಿಸುತ್ತಿರುವವರು ಗೋಡೆ ಗಾರೆಯಾಗುವ ಮುನ್ನವೇ ಎಲೆಕ್ಟ್ರಿಷಿಯನ್‌ಗೆ ಹೇಳಿ ಪೈಪ್ ಹಾಕಿಸಿಕೊಳ್ಳುವುದು ಉತ್ತಮ.

ಕರೆಂಟ್ ಹೋದಾಗ

ಯುಪಿಎಸ್ ಇಲ್ಲದ ಮನೆಗೆ ರೂಟರ್‌ಗೆಂದೇ ಸಿಗುವ ಮಿನಿ ಯುಪಿಎಸ್ ಸಾಕು. ಅಡಾಪ್ಟರ್ ಮೇಲೆ 12 ವೋಲ್ಟ್ ಎಂದಿದ್ದರೆ ಯುಪಿಎಸ್ ಕೂಡ 12 ವೋಲ್ಟ್‌ನದೇ ಆಗಬೇಕು. ಆಂಪಿಯರ್ ಅಷ್ಟೇ ಇರಲಿ ಅಥವಾ ಹೆಚ್ಚಿರಲಿ. ಫೈಬರ್ ಬರುವ ಪೆಟ್ಟಿಗೆಗೂ ಬ್ಯಾಕಪ್ ಬೇಕೆಂಬುದನ್ನು ಮರೆಯಬೇಡಿ.

ತಂದ ಮೇಲೆ

ಕಂಪನಿಯವರ ಫೈಬರ್ ಪೆಟ್ಟಿಗೆಯನ್ನು ತೆಗೆಯುವಂತಿಲ್ಲ. ಅದರಿಂದ ಕೇಬಲ್ ತಂದು ಹೊಸ ರೂಟರ್‌ಗೆ ಕೊಡಿ, ಸಾಧ್ಯವಾದರೆ ಆ ಪೆಟ್ಟಿಗೆಯನ್ನು ಬ್ರಿಜ್ ಮೋಡ್‌ಗೆ (ಇಂಟರ್ನೆಟ್ಟನ್ನು ದಾಟಿಸುವುದಷ್ಟೇ ಅದರ ಕೆಲಸವಾಗುವಂತೆ) ಹಾಕಿಸಿ, ಹಳೆಯ ಪೆಟ್ಟಿಗೆಯ ವೈಫೈ ಆರಿಸಿ. ಆರಿಸದೆ ಬಿಟ್ಟರೆ ಮೊಬೈಲ್ ಒಂದು ಪೆಟ್ಟಿಗೆಯ ಜಾಲದಲ್ಲಿ, ಬಲ್ಬ್ ಇನ್ನೊಂದು ಪೆಟ್ಟಿಗೆಯದರಲ್ಲಿ ಉಳಿದು ಎಷ್ಟೋ ಸಲ ಒಂದಕ್ಕೊಂದು ಕಾಣಿಸುವುದೇ ಇಲ್ಲ. ಹಳೆಯ ಸಾಧನಗಳು ಸೇರುವ 2.4 ಜಾಲಕ್ಕೆ ಹಳೆಯ ವೈಫೈ ಹೆಸರನ್ನೂ ಪಾಸ್‌ವರ್ಡನ್ನೂ ಅಕ್ಷರ ಬದಲಾಗದಂತೆ ಕೊಡಿ. ಮನೆಯ ಸಾಧನಗಳು ಬಹುಮಟ್ಟಿಗೆ ತಾವಾಗಿಯೇ ಬಂದು ಸೇರುತ್ತವೆ, ಏಣಿ ಹತ್ತಿ ಬಲ್ಬ್‌ಗಳನ್ನು ಮತ್ತೆ ಜೋಡಿಸುವ ಕಷ್ಟ ತಪ್ಪುತ್ತದೆ. ಆ ಪಾಸ್‌ವರ್ಡ್ ಸಡಿಲವಾಗಿದ್ದರೆ ಮಾತ್ರ ಈ ಸುಲಭದ ದಾರಿ ಹಿಡಿಯಬೇಡಿ. ರೂಟರ್‌ನ ಅಡ್ಮಿನ್ ಪಾಸ್‌ವರ್ಡನ್ನಂತೂ ಬದಲಿಸಲೇಬೇಕು. 2.4ರ ಚಾನೆಲ್ ಅಗಲವನ್ನು 20 ಮೆಗಾಹರ್ಟ್ಸ್‌ಗೆ ಇಳಿಸಿ, 1, 6, 11 ಸಂಖ್ಯೆಯ ಚಾನೆಲ್‌ಗಳಲ್ಲಿ ಅಕ್ಕಪಕ್ಕದ ಮನೆಗಳ ಗದ್ದಲ ಕಡಿಮೆಯಿರುವುದನ್ನು ಆರಿಸಿ.

ಹಿಂದಿರುಗಿಸುವ ಅವಧಿ ಮುಗಿಯುವ ಮುನ್ನ ಇನ್ನೊಂದು ಪರೀಕ್ಷೆ ಮಾಡಿ. ಮಿನಿ ಯುಪಿಎಸ್ ತೆಗೆದಿಟ್ಟು, ಮನೆಯ ಮೇನ್ ಸ್ವಿಚ್ ಐದು ನಿಮಿಷ ಆರಿಸಿ ಮತ್ತೆ ಹಾಕಿ. ಎಲ್ಲ ಸಾಧನಗಳೂ ಒಟ್ಟಿಗೆ ರೂಟರ್‌ನ ಬಾಗಿಲು ತಟ್ಟುವ ಹೊತ್ತು ಅದು. ಹತ್ತು ನಿಮಿಷ ಬಿಟ್ಟು ಆ್ಯಪ್ ತೆರೆದು ಪಟ್ಟಿ ನೋಡಿ. ಎರಡು ಮೂರು ಸಲ ಹೀಗೆ ಮಾಡಿದರೂ ನಾಲ್ಕಾರು ಸಾಧನಗಳು ಹೊರಗೇ ಉಳಿದರೆ ಬಿಲ್ಲಿನ ಸಮೇತ ಅಂಗಡಿಗೆ ಒಯ್ದು ಬೇರೆ ಮಾದರಿ ಕೇಳಿ.