ಹಲ್ಲಿನ ಬಣ್ಣಕ್ಕೂ ಸೀರೆ ಅಂಗಡಿಯ ಲೆಕ್ಕವೇ

ಬಾಗಲಕೋಟೆಯ ನವನಗರದಲ್ಲಿ ನನ್ನ ಕ್ಲಿನಿಕ್. ಶುರುವಿನ ದಿನಗಳಲ್ಲಿ ಇಳಕಲ್ ಕಡೆಯ ಅಕ್ಕನೊಬ್ಬರ ಮುಂದಿನ ಹಲ್ಲಿಗೆ ಸಿರಾಮಿಕ್ ಕ್ಯಾಪ್ ಕೂರಿಸಿದೆ. ಚೇರ್ ಮೇಲೆ ಚೆಂದ ಹೊಂದಿತ್ತು. ಹೊರಗೆ ಹೋದವರು ಐದೇ ನಿಮಿಷಕ್ಕೆ ವಾಪಸ್.

"ಡಾಕ್ಟ್ರ, ಗಾಡಿ ಕನ್ನಡ್ಯಾಗ ನೋಡಿದೆ, ಇದೊಂದ ಹಲ್ಲು ಬ್ಯಾರೆ ಕಾಣಾಕತ್ತೈತ್ರಿ. ಸೀರಿ ತಗೋಬೇಕಾದ್ರೂ ಅಂಗಡಿ ಹೊರಗ ಬೆಳಕಿಗೆ ಹಿಡಿದು ನೋಡ್ತೀವ್ರಿ. ನೀವು ನೋಡಲಿಲ್ಲೇನ್ರಿ?"

ತಾತ್ಕಾಲಿಕ ಸಿಮೆಂಟ್ ಹಾಕಿದ್ದೆ, ಬಚಾವ್.

ಮೊದಲು ಕ್ಯಾಪ್ ಮಾಡಿಕೊಟ್ಟ ಲ್ಯಾಬಿನವರನ್ನೇ ಬೈದೆ. ಆಮೇಲೆ ಬಣ್ಣ ಹೊಂದಿಸಲು ಅವರಿಗೆ ನಾನು ಕಳಿಸಿದ್ದ ಫೋಟೋ ತೆಗೆದು ನೋಡಿದರೆ ತಪ್ಪೆಲ್ಲ ನನ್ನದೇ. ಚೇರ್ ಲೈಟ್ ಉರಿಯುತ್ತಿತ್ತು. ಕೆಂಪು ಸೆರಗಿನ ಛಾಯೆ ಹಲ್ಲಿನ ಮೇಲೆ. ಮೊಬೈಲ್ ತನಗೆ ತೋಚಿದ ಹಾಗೆ ಬಣ್ಣ ಸರಿಮಾಡಿಕೊಂಡಿತ್ತು. ಸಾಲದ್ದಕ್ಕೆ ಹಲ್ಲು ಕೊರೆದು ಮುಗಿದ ಮೇಲೆ ತೆಗೆದ ಫೋಟೋ ಅದು. ಬಾಯಿ ತೆರೆದೇ ಇದ್ದರೆ ಹಲ್ಲು ಒಣಗಿ ಬೆಳ್ಳಗಾಗುತ್ತದೆ, ಮೊದಲಿನ ಬಣ್ಣಕ್ಕೆ ಬರಲು ಗಂಟೆಗಟ್ಟಲೆ ಬೇಕು. ಇನ್ನು ಒಂದು ಬೆಳಕಲ್ಲಿ ಒಂದೇ ಥರ ಕಂಡ ಎರಡು ವಸ್ತು ಇನ್ನೊಂದು ಬೆಳಕಲ್ಲಿ ಬೇರೆ ಕಾಣುವುದಕ್ಕೆ ಮೆಟಮೆರಿಸಂ ಅಂತ ಹೆಸರು. ಕಾಲೇಜಲ್ಲಿ ಓದಿದ್ದೆ. ಅರ್ಥ ಮಾಡಿಸಿದ್ದು ಈ ಅಕ್ಕ.

ಈಗ ಇಂಜೆಕ್ಷನ್‌ಗೂ ಮೊದಲೇ ಫೋಟೋ. ಲಿಪ್‌ಸ್ಟಿಕ್ ಒರೆಸಿ, ಸೀರೆ ಮೇಲೆ ಬೂದು ಬಟ್ಟೆ ಹೊದಿಸಿ, ಚೇರ್ ಲೈಟ್ ಆರಿಸುತ್ತೇನೆ. ಕ್ಯಾಮೆರಾಗೆ ಫ್ಲ್ಯಾಶ್; ಅದು ತಾನೇ ಬಣ್ಣ ಬದಲಿಸದಂತೆ ವೈಟ್ ಬ್ಯಾಲೆನ್ಸ್ 5500 ಕೆಲ್ವಿನ್‌ಗೆ ಕಟ್ಟಿಹಾಕಿದ್ದು; ಫೋಟೋ ರಾ ಫೈಲ್, ಅಂದರೆ ಕ್ಯಾಮೆರಾ ತಿದ್ದದ ಮೂಲ ಫೈಲ್. ಒಂದು ಫೋಟೋದಲ್ಲಿ ಬೂದು ಕಾರ್ಡ್ ಇರಲೇಬೇಕು, ಲ್ಯಾಬಿನವರು ಬಣ್ಣ ಸರಿಪಡಿಸುವುದು ಅದನ್ನು ನೋಡಿಯೇ.

ಬಣ್ಣ ಹೋಲಿಸಲು ಹಲ್ಲಿನ ಪಕ್ಕ ಹಿಡಿಯುವ ಮಾದರಿ ಹಲ್ಲು, ಅಂದರೆ ಶೇಡ್ ಟ್ಯಾಬ್, ಹಿಡಿಯುವುದರಲ್ಲೇ ಜಾಸ್ತಿ ಎಡವುತ್ತೇವೆ. ಒದ್ದೆ ಮಾಡಿ, ಹಲ್ಲಿನ ತುದಿಗೆ ತುದಿ ತಾಗಿಸಿ, ಎರಡೂ ಒಂದೇ ಮಟ್ಟದಲ್ಲಿರಬೇಕು. ಟ್ಯಾಬ್ ಒಂಚೂರು ಮುಂದೆ ಬಂದರೂ ಫ್ಲ್ಯಾಶ್‌ಗೆ ಹತ್ತಿರವಾಗಿ ಬೆಳ್ಳಗೆ ಕಾಣುತ್ತದೆ, ಎ2 ನಂಬರಿನ ಬಣ್ಣ ಹೋಗಿ ಅದಕ್ಕಿಂತ ತಿಳಿಯಾದ ಎ1 ಅನ್ನಿಸುತ್ತದೆ. ಟ್ಯಾಬ್ ಮೇಲಿನ ಆ ನಂಬರ್ ಫೋಟೋದಲ್ಲಿ ಕಾಣದಿದ್ದರೆ ಅದು ಸುಮ್ನೆ ತೆಗೆದ ಫೋಟೋ ಅಷ್ಟೇ.

ಕ್ರಾಸ್ ಪೋಲರೈಸಿಂಗ್ ಫಿಲ್ಟರ್ ಹಾಕಿ ಒಂದು, ಇಲ್ಲದೆ ಒಂದು ತೆಗೆಯುತ್ತೇನೆ. ಫಿಲ್ಟರ್ ಹೊಳಪನ್ನು ಕಳೆದು ಒಳಗಿನ ಬಣ್ಣ ತೋರಿಸುತ್ತದೆ. ಆದರೆ ಹಲ್ಲಿನ ಮೇಲ್ಮೈ ತಿಳಿಯಲು ಆ ಹೊಳಪೇ ಬೇಕು. ವಾಟ್ಸಾಪ್‌ನಲ್ಲಿ ಕಳಿಸುವುದಾದರೆ, ಫೋಟೋ ಕುಗ್ಗದಂತೆ, ಡಾಕ್ಯುಮೆಂಟ್ ಆಗಿಯೇ.

ಆ ಅಕ್ಕನಿಗೆ ಎರಡನೇ ಕ್ಯಾಪ್ ಬಂದ ದಿನ ಸಿಮೆಂಟ್ ಕಲಸುವ ಮುಂಚೆಯೇ "ಬರ್ರಿ ಅಕ್ಕಾರ, ಹೊರಗ ಹೋಗೂಣು" ಅಂದೆ. ಬೈಕಿನ ಕನ್ನಡಿಗೆ ಬಗ್ಗಿ, ತುಟಿ ಎತ್ತಿ, ಬಹಳ ಹೊತ್ತು ನೋಡಿದರು. "ಈಗ ಹಚ್ಚರಿ" ಅಂದರು.