ಗೊಟ್ಟ ಎತ್ತುವ ಮುಂಚೆ ಒಂದು ನಿಮಿಷ

ಚಿಂತಾಮಣಿ ಕಡೆ ಹಸು ಸಾಕುವವರಿಗೆಲ್ಲ ಒಂದು ಮಾತು. ಹೋದ ವರ್ಷ ಜಂತುಹುಳು ಔಷಧಿ ಕುಡಿಸುವಾಗ ನಾನು ಹಸುವಿನ ಮೂತಿಯನ್ನು ಮೇಲಕ್ಕೆತ್ತಿ, ನಾಲಿಗೆ ಎಳೆದು ಹಿಡಿದು, ಗೊಟ್ಟದಲ್ಲಿ (ಔಷಧಿ ಕುಡಿಸುವ ಕೊಳವೆ) ಇದ್ದದ್ದನ್ನೆಲ್ಲ ಒಂದೇ ಸಲ ಸುರಿದೆ. ಅದು ಕೆಮ್ಮಿತು. ನಾನು ನಿಲ್ಲಿಸಲಿಲ್ಲ. ಔಷಧಿ ಶ್ವಾಸಕೋಶಕ್ಕೆ ಇಳಿದು ಜ್ವರ, ಏದುಸಿರು. ಡಾಕ್ಟರು ಬಂದು ಉಳಿಸಿದರು. ಆ ಕೆಮ್ಮಿನ ಸದ್ದು ಇನ್ನೂ ಕಿವಿಯಲ್ಲಿದೆ.

ಈಗ ಮೂತಿಯನ್ನು ಸ್ವಲ್ಪವೇ ಎತ್ತುತ್ತೇನೆ. ನಾಲಿಗೆ ಮುಟ್ಟುವುದಿಲ್ಲ, ಅದು ಆಡಿದರೆ ತಾನೇ ನುಂಗಲು ಆಗುವುದು? ಗೊಟ್ಟದ ತುದಿಯನ್ನು ಬಾಯಿಯ ಪಕ್ಕದಲ್ಲಿ, ಹಲ್ಲಿಲ್ಲದ ಸಂದಿಯಲ್ಲಿ ಇಡಬೇಕು. ಒಂದು ಗುಟುಕು ಬಿಟ್ಟು, ಗಂಟಲು ಆಡಿತಾ ನೋಡಿ, ಆಮೇಲೆ ಇನ್ನೊಂದು. ಕೆಮ್ಮಿದರೆ ತಕ್ಷಣ ತಲೆ ಬಿಟ್ಟುಬಿಡಿ.

ಡೋಸ್ ಸುಮ್ನೆ ಅಂದಾಜಿಗೆ ಬೇಡ, ತೂಕ ನೋಡಿ. ಎದೆಯ ಸುತ್ತಳತೆ 60 ಇಂಚು, ಭುಜದಿಂದ ಹಿಂಭಾಗದಲ್ಲಿ ಬಾಲದ ಪಕ್ಕದ ಮೂಳೆವರೆಗೆ 55 ಇಂಚು ಇದ್ದರೆ, 60×60×55 ಅನ್ನು 660ರಿಂದ ಭಾಗಿಸಿ. ಹತ್ತಿರ ಹತ್ತಿರ 300 ಕೆಜಿ. ಕಡಿಮೆ ಕೊಟ್ಟರೆ ಹುಳುಗಳು ಔಷಧಿಗೇ ಒಗ್ಗಿಹೋಗುತ್ತವೆ. ಗಬ್ಬದ ಹಸುವಿಗೆ ಮೊದಲ ತಿಂಗಳುಗಳಲ್ಲಿ ಅಲ್ಬೆಂಡಜೋಲ್ ಅನ್ನೋ ಜಂತುಹುಳು ಔಷಧಿ ಕೊಡಲೇಬೇಡಿ.

ಇನ್ನು ಹಾಲು. ಔಷಧಿ ಕೊಟ್ಟ ಮೇಲೆ ಎಷ್ಟು ದಿನ ಬಳಸಬಾರದು ಅಂತ ಲೇಬಲ್ ಮೇಲೆ ಇರುತ್ತದೆ. ಇಲ್ಲದಿದ್ದರೆ ಕನಿಷ್ಠ 7 ದಿನ ಡೇರಿಗೆ ಹಾಕಬೇಡಿ, ಮನೆಯಲ್ಲೂ ಕುಡಿಯಬೇಡಿ. ಮಕ್ಕಳು ಕುಡಿಯುವ ಹಾಲು ಅಲ್ವಾ?

ಅನುಮಾನ ಬಂದರೆ ಅಂಗಡಿಯವರನ್ನು ಕೇಳಬೇಡಿ, ಪಶು ಸಹಾಯವಾಣಿ 1962ಕ್ಕೆ ಫೋನ್ ಮಾಡಿ.